ಕೊಟ್ಟವರ ಹೆಸರು, ಉಂಡವರ ಋಣ

ಪರವೂರಿನಲ್ಲಿ ನೆಲೆನಿಂತ ನಮ್ಮಂಥವರ ಮನೆಗಳಲ್ಲಿ ಒಂದು ಬಗೆಯ ದಾನ ಮೆಲ್ಲಗೆ ರೂಢಿಗೆ ಬಂದಿದೆ. ಮಗನ ಮುಂಜಿ, ಅಪ್ಪನ ವರ್ಷಾಂತ್ಯ, ನಿವೃತ್ತಿಯ ದಿನ, ಹೀಗೆ ಯಾವುದೋ ಒಂದು ನಿಮಿತ್ತವನ್ನು ಮುಂದಿಟ್ಟುಕೊಂಡು ಒಂದು ಅನಾಥ ಮಗುವಿನ ಊಟ, ಬಟ್ಟೆ, ಶಾಲೆಯ ವೆಚ್ಚವನ್ನು ತಿಂಗಳಿಗಿಷ್ಟೆಂದು ವಹಿಸಿಕೊಳ್ಳುವುದು. ಹಣ ಕಳಿಸಿದವರಿಗೆ ಆ ಮಗುವಿನ ಭಾವಚಿತ್ರ ಬರುತ್ತದೆ, ವರ್ಷಕ್ಕೊಂದೆರಡು ಪತ್ರಗಳು ಬರುತ್ತವೆ. ಅಮೆರಿಕೆಯಲ್ಲೋ ಆಸ್ಟ್ರೇಲಿಯಾದಲ್ಲೋ ಇರುವ ನಮ್ಮ ಮಕ್ಕಳು ಅಲ್ಲಿಯ ಸಂಸ್ಥೆಗಳ ಮೂಲಕ ಇದನ್ನೇ ಮಾಡುತ್ತಾರೆ. ಅಂಥ ಸಂಸ್ಥೆಗಳಲ್ಲಿ ಎಷ್ಟೋ ಕ್ರೈಸ್ತ ಮಿಷನ್ನುಗಳಿಗೆ ಸೇರಿದವು.

ಈ ವಿಷಯ ನಾಲ್ಕು ಜನ ಸೇರಿದಲ್ಲಿ ಎದ್ದರೆ ಮೂರು ಬಗೆಯ ಮಾತು ಕೇಳಿಬರುವುದು ಖಂಡಿತ. ಒಬ್ಬರು, ‘ಹಸಿದ ಮಗುವಿಗೆ ಅನ್ನವಿಕ್ಕುವುದಕ್ಕಿಂತ ದೊಡ್ಡ ಪುಣ್ಯ ಯಾವುದಿದೆ? ಯಾರ ಕೈಯಿಂದ ಬಡಿಸಿದರೇನು?’ ಎನ್ನುತ್ತಾರೆ. ಇನ್ನೊಬ್ಬರು, ‘ಅದು ಅನ್ನವಲ್ಲ, ಗಾಳದ ತುದಿಯ ಹುಳು’ ಎಂದು ತಳ್ಳಿಹಾಕುತ್ತಾರೆ. ಮೂರನೆಯವರು, ‘ನಮ್ಮೂರ ಶಾಲೆಯ ಹಂಚು ಸೋರುತ್ತಿರುವಾಗ ಕಾಣದ ಊರಿನ ಮಗುವಿಗೆ ಕೊಡುವ ಶೋಕಿ ಏಕೆ?’ ಎಂದು ಕೇಳುತ್ತಾರೆ. ಮೂವರ ಮಾತಿನಲ್ಲೂ ಸತ್ಯಾಂಶವಿದೆ. ಆದರೆ ಮೂವರೂ ಕೊಡುವವರ ಕಡೆಯಿಂದಲೇ ಮಾತನಾಡುತ್ತಾರೆ. ಉಣ್ಣುವ ಮಗುವಿನ ಕಡೆಯಿಂದ ನೋಡಿದರೆ ಈ ದಾನ ಹೇಗೆ ಕಾಣುತ್ತದೆ? ವಿಚಾರ ಮಾಡಬೇಕಾದದ್ದು ಅದನ್ನು.

ಈ ಪದ್ಧತಿ ಮೊದಲಿಗೆ ಹುಟ್ಟಿದ್ದು ಯುದ್ಧದ ಬೂದಿಯಲ್ಲಿ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಎಗ್ಲಂಟೈನ್ ಜೆಬ್ ಎಂಬ ಆಂಗ್ಲ ಮಹಿಳೆ ಶತ್ರುದೇಶದ ಮಕ್ಕಳೂ ಮಕ್ಕಳೇ ಎಂದು ಸಾರಿ ‘ಸೇವ್ ದಿ ಚಿಲ್ಡ್ರನ್’ ಸಂಸ್ಥೆಯನ್ನು ಕಟ್ಟಿದಳು. ಒಬ್ಬ ದಾನಿಗೆ ಒಂದು ಮಗು ಎಂಬ ಏರ್ಪಾಡು ಅಲ್ಲಿಂದ ಬೆಳೆಯಿತು. 1937ರಲ್ಲಿ ಸ್ಪೇನಿನ ಅಂತರ್ಯುದ್ಧದ ಮಕ್ಕಳಿಗಾಗಿ ಹುಟ್ಟಿದ ‘ಪ್ಲಾನ್’ ಸಂಸ್ಥೆ ಅದನ್ನೇ ಅನುಸರಿಸಿತು. ಕೊರಿಯಾ ಯುದ್ಧದ ಕಾಲದಲ್ಲಿ, 1950ರಲ್ಲಿ ‘ವರ್ಲ್ಡ್ ವಿಷನ್’, 1952ರಲ್ಲಿ ‘ಕಂಪ್ಯಾಶನ್’ ಎಂಬ ಕ್ರೈಸ್ತ ಸಂಸ್ಥೆಗಳು ಇದನ್ನು ಇನ್ನಷ್ಟು ವಿಸ್ತರಿಸಿದವು. ‘ಲಕ್ಷ ಮಕ್ಕಳು ಹಸಿದಿದ್ದಾರೆ’ ಎಂದರೆ ಕರಗದ ಮನಸ್ಸು ‘ಈ ಒಂದು ಮಗು ಹಸಿದಿದೆ’ ಎಂದು ಚಿತ್ರ ತೋರಿಸಿದರೆ ಕರಗುತ್ತದೆ. ಮನುಷ್ಯಸ್ವಭಾವದ ಈ ಒಂದು ಗುಟ್ಟಿನ ಮೇಲೆಯೇ ಇಡೀ ಪದ್ಧತಿ ನಿಂತಿದೆ.

ಆದರೆ ಪುಣೆಯಲ್ಲಿರುವ ಕನ್ನಡಿಗರಾದ ನಾವು ಈ ಪ್ರಶ್ನೆಗೆ ಸ್ಪೇನು, ಕೊರಿಯಾಗಳವರೆಗೆ ಹೋಗಬೇಕಾಗಿಲ್ಲ. ಪುಣೆಯಿಂದ ದೌಂಡಕ್ಕೆ ಹೋಗುವ ರೈಲಿನಲ್ಲಿ ಕೇಡಗಾಂವ ಎಂಬ ನಿಲ್ದಾಣವಿದೆ. ಅಲ್ಲಿ ಇಳಿದರೆ ಪಂಡಿತಾ ರಮಾಬಾಯಿಯವರು ಕಟ್ಟಿದ ‘ಮುಕ್ತಿ’ ಆಶ್ರಮ ಇಂದಿಗೂ ಇದೆ. ಸಮುದ್ರದಾಚೆಯ ಜನ ಇಲ್ಲಿಯ ಅನಾಥರಿಗೆ ಕೊಟ್ಟರೆ ಏನಾಗುತ್ತದೆ, ಕೊಡದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆ ನೂರಮೂವತ್ತು ವರ್ಷಗಳ ಹಿಂದೆಯೇ ಈ ಪುಣೆಯ ಬೀದಿಗಳಲ್ಲಿ ಕೂಗಾಡಿ ಚರ್ಚೆಯಾಗಿತ್ತು.

ರಮಾಬಾಯಿ ನಮ್ಮ ನಾಡಿನ ಮಗಳು ಎಂಬುದನ್ನು ನಮ್ಮಲ್ಲಿ ಎಷ್ಟೋ ಜನ ಮರೆತಿದ್ದೇವೆ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ಸೀಮೆಯ ಮಾಳದವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ ಕಾರಣಕ್ಕೆ ಊರವರ ವಿರೋಧ ಕಟ್ಟಿಕೊಂಡು, ತುಂಗಾ ಭದ್ರಾ ನೇತ್ರಾವತಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿದರು. ಅಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದರು. ಮುಂದೆ ಆ ಕುಟುಂಬ ಪುರಾಣ ಹೇಳುತ್ತ ತೀರ್ಥದಿಂದ ತೀರ್ಥಕ್ಕೆ ಅಲೆಯಿತು. 1874ರ ಸುಮಾರಿಗೆ ಕ್ಷಾಮಕ್ಕೆ ಸಿಕ್ಕಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅನಾಥಾಲಯ ಕಟ್ಟಿದ ಆ ಹೆಂಗಸು ಸ್ವತಃ ಹಸಿವೆಯಿಂದ ಅನಾಥಳಾದವಳು ಎಂಬುದನ್ನು ನಾವು ನೆನಪಿಡಬೇಕು.

1878ರಲ್ಲಿ ಕಲಕತ್ತೆಯ ವಿದ್ವಾಂಸರು ಅವರಿಗೆ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನು ಕೊಟ್ಟರು. ಬಂಗಾಲದ ವಕೀಲರೊಬ್ಬರನ್ನು ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ, 1882ರಲ್ಲಿ ವಿಧವೆಯಾದರು. ಕೈಯಲ್ಲಿ ಮನೋರಮಾ ಎಂಬ ಹಸುಗೂಸು. ಅದೇ ವರ್ಷ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದರು. 1886ರಲ್ಲಿ ಆನಂದಿಬಾಯಿ ಜೋಶಿಯವರು ವೈದ್ಯಪದವಿ ಪಡೆಯುವ ಸಮಾರಂಭಕ್ಕೆಂದು ಅಮೆರಿಕೆಗೆ ಹೋದವರು ಅಲ್ಲಿ ಊರೂರು ತಿರುಗಿ ಇಲ್ಲಿಯ ಬಾಲವಿಧವೆಯರ ಕಥೆ ಹೇಳಿದರು, ಪುಸ್ತಕ ಬರೆದು ಮಾರಿದರು. ಅದರ ಫಲವಾಗಿ 1887ರಲ್ಲಿ ಬಾಸ್ಟನ್ ನಗರದಲ್ಲಿ ‘ರಮಾಬಾಯಿ ಅಸೋಸಿಯೇಷನ್’ ಹುಟ್ಟಿತು. ಅಲ್ಲಲ್ಲಿ ‘ರಮಾಬಾಯಿ ಮಂಡಲ’ಗಳು ಹುಟ್ಟಿ, ಸದಸ್ಯರು ವರ್ಷವರ್ಷವೂ ಚಂದಾ ಕೊಡುತ್ತ ಬಂದರು. ಹತ್ತು ವರ್ಷಗಳ ಕಾಲ ನೆರವು ಕೊಡುತ್ತೇವೆಂದು ಅವರು ಮಾತು ಕೊಟ್ಟರು. ಆ ಹಣದಿಂದ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ‘ಶಾರದಾ ಸದನ’ ಆರಂಭವಾಗಿ, ಮರುವರ್ಷ ಪುಣೆಗೆ ಬಂತು.

ಸದನದಲ್ಲಿ ಮತಪ್ರಚಾರ ನಡೆಯಬಾರದು ಎಂಬ ನಿಯಮವಿತ್ತು. ಅಡಿಗೆಮನೆಯಲ್ಲಿ ಜಾತಿಯ ಮಡಿಯನ್ನೂ ಕಾಪಾಡುತ್ತಿದ್ದರು. ರಾನಡೆ, ಭಾಂಡಾರಕರರಂಥ ಹಿರಿಯರು ಸಲಹಾ ಸಮಿತಿಯಲ್ಲಿದ್ದರು. ಆದರೆ ರಮಾಬಾಯಿ ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲು ಹಾಕುತ್ತಿರಲಿಲ್ಲ. ಹುಡುಗಿಯರು ಬಂದು ಕೂಡತೊಡಗಿದರು. ಅವರನ್ನು ಕರೆಯಲೂ ಇಲ್ಲ, ಅಟ್ಟಲೂ ಇಲ್ಲ ಎಂಬುದು ರಮಾಬಾಯಿಯವರ ಸಮಾಧಾನ. ‘ಕೇಸರಿ’ ಪತ್ರಿಕೆ ಉಗ್ರವಾಗಿ ಖಂಡಿಸಿತು. 1893ರಲ್ಲಿ ರಾನಡೆ, ಭಾಂಡಾರಕರರು ಸಮಿತಿಗೆ ರಾಜೀನಾಮೆ ಕೊಟ್ಟರು. ಎಷ್ಟೋ ಪಾಲಕರು ತಮ್ಮ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಬಾಸ್ಟನ್ನಿನ ಮಂಡಳಿ ಮಾತ್ರ ರಮಾಬಾಯಿಯವರ ಕೈ ಬಿಡಲಿಲ್ಲ.

ಇಲ್ಲಿ ಯಾರದು ಸರಿ, ಯಾರದು ತಪ್ಪು? ಆತುರದಿಂದ ತೀರ್ಪು ಕೊಡುವಂತಿಲ್ಲ. ರಾನಡೆ, ಭಾಂಡಾರಕರರು ಸಂಕುಚಿತ ಬುದ್ಧಿಯವರಾಗಿರಲಿಲ್ಲ. ವಿಧವೆಯರ ದುಃಖಕ್ಕೆ ಮರುಗಿದವರಲ್ಲಿ ಅವರೇ ಅಗ್ರಗಣ್ಯರು. ಅವರ ಆಕ್ಷೇಪಣೆಯ ತಿರುಳು ಇಷ್ಟು: ತಲೆ ಬೋಳಿಸಿ ಮೂಲೆಗೆ ತಳ್ಳಲ್ಪಟ್ಟ ಹನ್ನೆರಡು ವರ್ಷದ ಹುಡುಗಿಗೆ ಈ ಮನೆಯ ಹೊರತು ಬೇರೆ ಮನೆಯಿಲ್ಲ. ಇಲ್ಲಿಯ ತಾಯಿಯೇ ಅವಳಿಗೆ ಅನ್ನ, ಅಕ್ಷರ, ಅಕ್ಕರೆ ಎಲ್ಲ. ಆ ತಾಯಿ ಯಾವ ದೇವರ ಮುಂದೆ ಕೂರುತ್ತಾಳೋ ಆ ದೇವರ ಮುಂದೆ ಮಗುವೂ ಹೋಗಿ ಕೂರುತ್ತದೆ. ಬಾಗಿಲು ತೆರೆದಿದೆ, ಬಲವಂತವಿಲ್ಲ ಎಂಬುದು ನಿಜ. ಆದರೆ ಹೋಗಲು ಬೇರೆ ಬಾಗಿಲೇ ಇಲ್ಲದವಳ ಒಪ್ಪಿಗೆಯನ್ನು ಪೂರ್ಣ ಒಪ್ಪಿಗೆ ಎನ್ನಬಹುದೇ? ಈ ಪ್ರಶ್ನೆ ಇಂದಿಗೂ ಹಳೆಯದಾಗಿಲ್ಲ. ಯಾವ ಮತದ ಅನಾಥಾಲಯಕ್ಕೂ, ಯಾವ ಮಠದ ಉಚಿತ ವಿದ್ಯಾರ್ಥಿನಿಲಯಕ್ಕೂ ಇದು ಅನ್ವಯಿಸುತ್ತದೆ.

ಇನ್ನೊಂದು ಪಕ್ಷವೂ ಇದೆ. ಸದನದಿಂದ ಬಿಡಿಸಿಕೊಂಡು ಹೋದ ಹುಡುಗಿಯರು ಎಲ್ಲಿಗೆ ಹೋದರು? ಬಿಟ್ಟುಬಂದಿದ್ದ ಮೂಲೆಗೇ ಹಿಂದಿರುಗಿದವರಿಗೆ ಧರ್ಮ ಉಳಿಯಿತು, ಪುಸ್ತಕ ಹೋಯಿತು. 1896–97ರ ಕ್ಷಾಮದಲ್ಲಿ ರಮಾಬಾಯಿ ಮಧ್ಯಪ್ರಾಂತಗಳಿಗೆ ಹೋಗಿ ದಾರಿಬದಿಯಲ್ಲಿ ಸಾಯುತ್ತಿದ್ದ ನೂರಾರು ಹುಡುಗಿಯರನ್ನು ಕರೆತಂದರು. ಅದೇ ಸಮಯಕ್ಕೆ ಪುಣೆಯಲ್ಲಿ ಪ್ಲೇಗು ಹಬ್ಬಿದ್ದರಿಂದ ಅವರನ್ನು ಕೇಡಗಾಂವದ ಬಯಲಿಗೆ ಒಯ್ದರು. 1900ರ ಗುಜರಾತಿನ ಕ್ಷಾಮದ ನಂತರ ಅಲ್ಲಿದ್ದವರ ಸಂಖ್ಯೆ ಸಾವಿರವನ್ನೂ ಮೀರಿತು. ಈ ಆಶ್ರಮ ಬಹಿರಂಗವಾಗಿಯೇ ಕ್ರೈಸ್ತವಾಗಿತ್ತು. ಆ ಸಾವಿರ ಜನರಲ್ಲಿ ಒಬ್ಬಳನ್ನು ಎದುರು ನಿಲ್ಲಿಸಿಕೊಂಡು, ‘ನಿನ್ನನ್ನು ಎತ್ತಿಕೊಂಡ ಕೈ ತಪ್ಪು ಮತದ್ದು, ಅಲ್ಲಿಯೇ ಮಲಗಿರಬೇಕಿತ್ತು’ ಎಂದು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗಿದೆ?

ಈ ಜಗಳಕ್ಕೆ ಅತ್ಯುತ್ತಮ ಉತ್ತರವನ್ನು ಬಾಯಿಂದ ಹೇಳದೆ ಕೈಯಿಂದ ಮಾಡಿ ತೋರಿಸಿದವರು ಧೋಂಡೋ ಕೇಶವ ಕರ್ವೆಯವರು. ವಿಚಿತ್ರವೆಂದರೆ ಅವರೂ 1858ರ ಏಪ್ರಿಲ್ ತಿಂಗಳಲ್ಲಿಯೇ, ರಮಾಬಾಯಿಗಿಂತ ಐದು ದಿನ ಮೊದಲು ಹುಟ್ಟಿದವರು. ಶಾರದಾ ಸದನದ ಮೊದಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರಾದ ಗೋದುಬಾಯಿ ಎಂಬ ವಿಧವೆಯನ್ನು ಅವರು 1893ರಲ್ಲಿ ಮದುವೆಯಾದರು. ಬಾಸ್ಟನ್ನಿನ ಹೆಂಗಸರ ಹಣದಲ್ಲಿ ಅಕ್ಷರ ಕಲಿತ ಆಕೆಯೇ ಮುಂದೆ ಆನಂದಿಬಾಯಿ ಕರ್ವೆಯೆಂದು ಹೆಸರಾದರು. 1896ರಲ್ಲಿ ಕರ್ವೆಯವರು ಅನಾಥ ಬಾಲಿಕಾಶ್ರಮ ಮಂಡಳಿಯನ್ನು ಕಟ್ಟಿದರು. 1900ರಲ್ಲಿ ಹಿಂಗಣೆಯ ಬಯಲಿನಲ್ಲಿ ಒಂದು ಗುಡಿಸಲು ಎದ್ದಿತು. ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ ಕಲಿಸಿ, ಸಂಜೆ ಅಷ್ಟು ದೂರ ನಡೆದು ಹೋಗಿ ಅಲ್ಲಿಯ ಹುಡುಗಿಯರಿಗೆ ಪಾಠ ಹೇಳುತ್ತಿದ್ದರು. ‘ಅನ್ಯರ ಹಣ, ಅನ್ಯರ ಮತ’ ಎಂದು ಆಕ್ಷೇಪಿಸಿ ಮನೆಯಲ್ಲಿ ಕೂಡದೆ, ನಮ್ಮವರ ಹಣದಿಂದ ನಮ್ಮ ಬಾಗಿಲೊಂದನ್ನು ತೆರೆದರು. ಎರಡು ಬಾಗಿಲುಗಳಿದ್ದಾಗ ಮಾತ್ರ ಹುಡುಗಿಯ ಒಪ್ಪಿಗೆಗೆ ಅರ್ಥ ಬರುತ್ತದೆ. ಗಾಳವೆಂದು ಬಯ್ಯುವ ಅಧಿಕಾರ ಯಾರಿಗಿದೆ ಎಂದು ಕೇಳಿದರೆ, ಕೆರೆಗೆ ನೀರು ಹೊತ್ತು ಹಾಕಿದವರಿಗೆ ಎಂದೇ ಹೇಳಬೇಕಾಗುತ್ತದೆ.

ಅದಿರಲಿ. ನಮ್ಮ ಸ್ವಂತ ದಾನಕ್ಕೆ ಕರಾರುಗಳೇ ಇರಲಿಲ್ಲವೆಂದು ಭಾವಿಸುವುದೂ ತಪ್ಪು. ನಮ್ಮ ಅಜ್ಜಂದಿರ ಕಾಲದ ವಾರಾನ್ನ ಯಾರಿಗೆ ಗೊತ್ತಿಲ್ಲ? ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಉಂಡು ಓದಿದ ಬಡ ಹುಡುಗರು ಮೈಸೂರು, ಧಾರವಾಡಗಳಲ್ಲಿ ಎಷ್ಟಿರಲಿಲ್ಲ! ಇದೇ ಪುಣೆಯಲ್ಲಿ ಜೋಳಿಗೆ ಹಿಡಿದು ‘ಮಾಧುಕರಿ’ ಬೇಡಿ ವಿದ್ಯೆ ಕಲಿತವರ ಪರಂಪರೆಯೇ ಇದೆ. ಅದು ನಿಜಕ್ಕೂ ದೊಡ್ಡ ವ್ಯವಸ್ಥೆ. ಯಾವ ಕಚೇರಿಯಿಲ್ಲದೆ, ಲೆಕ್ಕಪತ್ರವಿಲ್ಲದೆ ಒಂದು ಊರೇ ಕೂಡಿ ಹುಡುಗನನ್ನು ಸಾಕುತ್ತಿತ್ತು. ಆದರೆ ಆ ಅನ್ನ ಜಾತಿಯ ಹೊಸ್ತಿಲನ್ನು ದಾಟುತ್ತಿರಲಿಲ್ಲ. ನಮ್ಮ ಹೊಸ್ತಿಲ ಹೊರಗೆ ನಿಂತ ಹಸಿವೆ ನಮ್ಮ ಕಣ್ಣಿಗೆ ಹಸಿವೆಯೇ ಆಗಿರಲಿಲ್ಲ. 1863ರಷ್ಟು ಹಿಂದೆಯೇ ಜ್ಯೋತಿರಾವ್, ಸಾವಿತ್ರೀಬಾಯಿ ಫುಲೆ ದಂಪತಿಗಳು ಇದೇ ಪುಣೆಯಲ್ಲಿ ವಿಧವೆಯರ ಹೆರಿಗೆಗೂ ಶಿಶುಗಳ ರಕ್ಷಣೆಗೂ ಮನೆಯ ಬಾಗಿಲು ತೆರೆದು, ಮುಂದೆ ಬ್ರಾಹ್ಮಣ ವಿಧವೆಯೊಬ್ಬಳ ಮಗನನ್ನೇ ದತ್ತು ತೆಗೆದುಕೊಂಡು ಯಶವಂತನೆಂದು ಸಾಕಿದರು. ಆ ಬಾಗಿಲನ್ನು ತೆರೆದವರು ಯಾವ ಜಾತಿಯವರು, ಒಳಗೆ ಬಂದವರು ಯಾವ ಜಾತಿಯವರು ಎಂದು ಯೋಚಿಸಿದರೆ, ಮೇಲ್ಜಾತಿಯವರಾದ ನಾವು ತಲೆ ತಗ್ಗಿಸಬೇಕಾಗುತ್ತದೆ. ಮಿಷನ್ನಿನವರು ‘ನಮ್ಮ ದೇವರನ್ನು ನಂಬು’ ಎಂಬ ಕರಾರನ್ನು ಹಾಕಿದರೆ, ನಾವು ‘ನಮ್ಮ ಜಾತಿಯಲ್ಲಿ ಹುಟ್ಟಿರು’ ಎಂಬ ಕರಾರನ್ನು ಹಾಕಿದ್ದೆವು. ಎರಡರಲ್ಲಿ ಯಾವುದು ಹೆಚ್ಚು ಕಠಿಣ? ನಂಬಿಕೆಯನ್ನಾದರೂ ಬದಲಿಸಬಹುದು, ಹುಟ್ಟನ್ನು ಹೇಗೆ ಬದಲಿಸುವುದು?

ಈಗ ಭಾವಚಿತ್ರದ ಮಾತಿಗೆ ಬರೋಣ. ಹೆಸರಿಟ್ಟು ಒಂದೇ ಮಗುವಿಗೆ ಕೊಡುವುದರಲ್ಲಿ ಒಂದು ಸೊಗಸಿದೆ, ಒಂದು ಅಪಾಯವೂ ಇದೆ. ‘ನನಗಾಗಿ ದೂರದಲ್ಲಿ ಯಾರೋ ಒಬ್ಬರಿದ್ದಾರೆ’ ಎಂಬ ಭಾವನೆ ಮಗುವಿಗೆ ಬಲ ಕೊಡುತ್ತದೆ ಎಂಬುದು ಸೊಗಸು. ಇದು ಬರಿಯ ಭಾವುಕತೆಯಲ್ಲ. ಭಾರತವೂ ಸೇರಿದಂತೆ ಆರು ದೇಶಗಳಲ್ಲಿ ಕಂಪ್ಯಾಶನ್ ಸಂಸ್ಥೆಯ ನೆರವು ಪಡೆದು ಬೆಳೆದವರನ್ನು ಅಧ್ಯಯನ ಮಾಡಿ ಅಮೆರಿಕೆಯ ಅರ್ಥಶಾಸ್ತ್ರಜ್ಞರು 2013ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಅಂಥ ಮಕ್ಕಳು ನೆರವಿಲ್ಲದವರಿಗಿಂತ ಒಂದರಿಂದ ಒಂದೂವರೆ ವರ್ಷ ಹೆಚ್ಚು ಕಾಲ ಶಾಲೆಯಲ್ಲಿ ಉಳಿದಿದ್ದರು. ಇದು ಸಣ್ಣ ಲಾಭವಲ್ಲ. ಏಳನೆಯ ತರಗತಿಗೆ ನಿಲ್ಲುವುದಕ್ಕೂ ಎಂಟನೆಯದನ್ನು ದಾಟುವುದಕ್ಕೂ ಬಡಮಗುವಿನ ಬಾಳಿನಲ್ಲಿ ಬಹಳ ಅಂತರವಿದೆ.

ಅಪಾಯವೆಂದರೆ, ಚಿತ್ರ ಕೇಳುವ ದಾನಕ್ಕೆ ದುಃಖದ ಚಿತ್ರವೇ ಬೇಕಾಗುತ್ತದೆ. ನಗುವ ಮಗುವಿಗಿಂತ ಅಳುವ ಮಗುವಿಗೆ ಬೇಗ ಹಣ ಬರುತ್ತದೆ. ಇದೂ ಹೊಸ ಜಗಳವಲ್ಲ. 1895ರಲ್ಲಿ ನ್ಯೂಯಾರ್ಕಿನ ಬ್ರೂಕ್‌ಲಿನ್‌ನಲ್ಲಿ ಸ್ವಾಮಿ ವಿವೇಕಾನಂದರಿಗೂ ಅಲ್ಲಿಯ ರಮಾಬಾಯಿ ಮಂಡಲದ ಮಹಿಳೆಯರಿಗೂ ಪತ್ರಿಕೆಗಳಲ್ಲಿ ವಾದ ನಡೆಯಿತು. ಹಿಂದೂ ವಿಧವೆಯರ ಸ್ಥಿತಿಯನ್ನು ಹಣಕ್ಕಾಗಿ ಅತಿರೇಕ ಮಾಡಿ ಚಿತ್ರಿಸುತ್ತಿದ್ದಾರೆ ಎಂಬುದು ಸ್ವಾಮಿಗಳ ಪಕ್ಷದ ಆಕ್ಷೇಪ. ಅವರು ಇದ್ದದ್ದನ್ನೇ ಮುಚ್ಚುತ್ತಿದ್ದಾರೆ ಎಂಬುದು ಮಂಡಲದ ಆಕ್ಷೇಪ. ಗಮನಿಸಬೇಕಾದ ಸಂಗತಿಯೆಂದರೆ, ಸ್ವಾಮಿಗಳು ವಾದಕ್ಕೇ ನಿಲ್ಲದೆ ಅಲ್ಲಿ ಕೊಟ್ಟ ಒಂದು ಉಪನ್ಯಾಸದ ಹಣವನ್ನು ಬಂಗಾಲದಲ್ಲಿ ಶಶಿಪದ ಬ್ಯಾನರ್ಜಿಯವರು ನಡೆಸುತ್ತಿದ್ದ ವಿಧವೆಯರ ಶಾಲೆಗೆ ಮೀಸಲಿಟ್ಟರು. ಕರ್ವೆಯವರು ಇಲ್ಲಿ ಕೊಟ್ಟ ಉತ್ತರವನ್ನೇ ಅವರು ಅಲ್ಲಿ ಕೊಟ್ಟರು.

ದುಃಖವನ್ನು ತೋರಿಸಿ ಹಣ ತರುವುದು ಒಂದು. ಕೃತಜ್ಞತೆಯನ್ನು ಬರೆಸಿ ಕಳಿಸುವುದು ಇನ್ನೊಂದು. ‘ಪೂಜ್ಯರಾದ ತಮಗೆ, ತಮ್ಮ ದಯೆಯಿಂದ ನಾನು ಕುಶಲ’ ಎಂದು ಮೇಲ್ವಿಚಾರಕರು ಹೇಳಿ ಬರೆಯಿಸಿದ ಪತ್ರಕ್ಕೆ ಎಂಟು ವರ್ಷದ ಮಗು ಸಹಿ ಹಾಕುತ್ತದೆ. ಆ ಪತ್ರ ಯಾರಿಗೆ ಬೇಕು? ಮಗುವಿಗಲ್ಲ. ಅಮೆರಿಕೆಯ ‘ಷಿಕಾಗೋ ಟ್ರಿಬ್ಯೂನ್’ ಪತ್ರಿಕೆಯ ವರದಿಗಾರರು ತಾವೇ ಹಲವು ಸಂಸ್ಥೆಗಳ ಮೂಲಕ ಹನ್ನೆರಡು ಮಕ್ಕಳನ್ನು ವಹಿಸಿಕೊಂಡು, ಅವರನ್ನು ಹುಡುಕಿಕೊಂಡು ಹೋಗಿ, 1998ರಲ್ಲಿ ಬರೆದ ಲೇಖನಮಾಲೆ ಇಂಥ ಪದ್ಧತಿಯ ಕಣ್ಣು ತೆರೆಸಿತು. ಮಾಲಿ ದೇಶದ ಒಂದು ಮಗು ತೀರಿಕೊಂಡ ಮೇಲೂ ಅದರ ಹೆಸರಿನಲ್ಲಿ ಹಣ ಹೋಗುತ್ತಲೇ ಇತ್ತು. ಬಹಳಷ್ಟು ಸಂಸ್ಥೆಗಳಲ್ಲಿ ಹಣ ನೇರವಾಗಿ ಆ ಒಂದೇ ಮಗುವಿಗೆ ಹೋಗುವುದೂ ಇಲ್ಲ. ಇಡೀ ಊರಿನ ಶಾಲೆಗೆ, ಬಾವಿಗೆ, ಔಷಧಿಗೆ ಹಂಚಿಹೋಗುತ್ತದೆ. ಹಾಗೆ ಹಂಚುವುದೇ ನ್ಯಾಯ. ಒಂದೇ ಬೆಂಚಿನಲ್ಲಿ ಕೂತ ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಹೊಸ ಅಂಗಿ ಬಂದರೆ ಇನ್ನೊಬ್ಬನ ಮನಸ್ಸು ಏನಾಗಬೇಕು? ಆದರೆ ಹಂಚುವುದಾದರೆ ಹಾಗೆಂದು ದಾನಿಗೆ ಹೇಳಬೇಕು. ಅದನ್ನು ಕೇಳಿ ಸಹಿಸುವ ದೊಡ್ಡತನ ದಾನಿಗೂ ಇರಬೇಕು.

ಇಲ್ಲಿ ನಮ್ಮ ಹನ್ನೆರಡನೆಯ ಶತಮಾನದ ಶರಣರು ಕಂಡುಕೊಂಡ ಒಂದು ವಿವೇಕ ನೆನಪಾಗುತ್ತದೆ. ಅವರು ದಾನ ಎನ್ನುವ ಮಾತನ್ನು ಬದಿಗಿಟ್ಟು ‘ದಾಸೋಹ’ ಎಂದರು. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ಸೇವಕ. ನನ್ನದೆಂದು ಕೊಟ್ಟೆ ಎಂಬ ಭಾವವೇ ಅಲ್ಲಿ ದೋಷ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಇಂದಿಗೂ ಎಲ್ಲ ಜಾತಿಗಳ ಸಾವಿರಾರು ಮಕ್ಕಳು ಉಂಡು ಓದುತ್ತಾರೆ. ಅಲ್ಲಿಗೆ ರಾಗಿಯ ಚೀಲ ತಂದಿಳಿಸುವ ರೈತ ‘ನನ್ನ ರಾಗಿಯನ್ನು ಯಾವ ಹುಡುಗ ಉಂಡ, ಅವನ ಪತ್ರ ಎಲ್ಲಿ?’ ಎಂದು ಕೇಳುವುದಿಲ್ಲ. ಬಲಗೈ ಕೊಟ್ಟದ್ದನ್ನು ಎಡಗೈ ಅರಿಯಬಾರದೆಂದು ಕ್ರೈಸ್ತರ ಗ್ರಂಥವೂ ಬೋಧಿಸುತ್ತದೆ. ಎರಡು ಪರಂಪರೆಗಳೂ ಕೂಡಿ ಹೇಳುವ ಮಾತನ್ನು ಭಾವಚಿತ್ರದ ದಾನ ಮರೆಯುವ ಸಂಭವ ಹೆಚ್ಚು.

ಮೂರನೆಯವರ ಪ್ರಶ್ನೆ ಉಳಿಯಿತು: ಹತ್ತಿರದ್ದನ್ನು ಬಿಟ್ಟು ದೂರದ್ದೇಕೆ? ‘ಮೊದಲು ನಮ್ಮವರು’ ಎನ್ನುವುದು ಕೇಳಲು ಚೆನ್ನ. ಆದರೆ ಊರು ಬಿಟ್ಟು ಬಂದ ನಮಗೆ ಹತ್ತಿರ ಯಾವುದು? ವಿಜಾಪುರ, ಕಲಬುರ್ಗಿ, ಉಡುಪಿಯ ಹಳ್ಳಿಯೋ, ನಾವು ಅನ್ನ ತಿನ್ನುತ್ತಿರುವ ಪುಣೆಯೋ? ನಾವು ಕಟ್ಟಿಸಿದ ಮನೆಗೆ ಇಟ್ಟಿಗೆ ಹೊತ್ತವಳು ಎಷ್ಟೋ ಸಲ ನಮ್ಮದೇ ಜಿಲ್ಲೆಯಿಂದ ಬಂದ ಕೂಲಿ ಹೆಂಗಸು. ಅವಳ ಮಗು ಮರಳಿನ ರಾಶಿಯ ಮೇಲೆ ಆಡುತ್ತಿತ್ತು. ಅದು ಹತ್ತಿರವೂ ಹೌದು, ನಮ್ಮದೂ ಹೌದು. ಆದರೂ ಕಣ್ಣಿಗೆ ಬೀಳಲಿಲ್ಲ. ಹೀಗಾಗಿ ದೂರ, ಹತ್ತಿರಗಳನ್ನು ಮೈಲಿಯಲ್ಲಿ ಅಳೆಯುವಂತಿಲ್ಲ. ಬಾಸ್ಟನ್ನಿನ ಹೆಂಗಸರಿಗೆ ಪುಣೆಯ ವಿಧವೆ ಹತ್ತಿರವಾಗಿದ್ದಳು, ಸದಾಶಿವ ಪೇಟೆಯ ಅವಳ ಸ್ವಂತ ಮನೆಯವರಿಗೆ ಅವಳು ದೂರವಾಗಿದ್ದಳು.

ಹತ್ತಿರದ ವಿಚಾರದಲ್ಲಿ ಇನ್ನೂ ಮುಖ್ಯವಾದ ಮಾತೊಂದಿದೆ. ಅನಾಥಾಲಯಗಳಲ್ಲಿರುವ ಮಕ್ಕಳಲ್ಲಿ ಬಹುಮಂದಿ ನಿಜವಾದ ಅರ್ಥದಲ್ಲಿ ಅನಾಥರಲ್ಲ. ತಾಯಿಯೋ ತಂದೆಯೋ ಬದುಕಿರುತ್ತಾರೆ, ಸಾಕುವ ಶಕ್ತಿಯಿರುವುದಿಲ್ಲ. ಇದು ಜಗತ್ತಿನ ಹಲವು ದೇಶಗಳಲ್ಲಿ ಕಂಡುಬಂದ ಸಂಗತಿ. ತಲೆಗಿಷ್ಟೆಂದು ಹಣ ಬರುವಲ್ಲಿ ತಲೆಗಳನ್ನು ಕೂಡಿಸುವ ಆಸೆ ಹುಟ್ಟುವುದು ಸಹಜ. ಆಗ ತಾಯಿಯ ಮಡಿಲಿನಲ್ಲಿ ಬೆಳೆಯಬಹುದಾಗಿದ್ದ ಮಗು ಸಾಲುಮಂಚದ ಕೋಣೆಗೆ ಬರುತ್ತದೆ. ಅದೇ ಹಣವನ್ನು ಆ ತಾಯಿಯ ಕೈಗೇ ಕೊಟ್ಟರೆ? ನಮ್ಮ 2015ರ ಬಾಲನ್ಯಾಯ ಕಾಯಿದೆ ಇದೇ ತತ್ತ್ವವನ್ನು ಒಪ್ಪಿದೆ. ಮಗುವನ್ನು ಸಂಸ್ಥೆಯಲ್ಲಿಡುವುದು ಕಟ್ಟಕಡೆಯ ಉಪಾಯವಾಗಬೇಕು ಎನ್ನುತ್ತದೆ ಅದು. ಕೇಂದ್ರ ಸರಕಾರದ ‘ಮಿಷನ್ ವಾತ್ಸಲ್ಯ’ ಯೋಜನೆಯ 2022ರ ನಿಯಮಗಳಂತೆ ಇಂಥ ಮಗುವನ್ನು ಮನೆಯಲ್ಲಿಯೇ ಸಾಕಲು ತಿಂಗಳಿಗೆ 4000 ರೂಪಾಯಿ ನೆರವಿಗೆ ಅವಕಾಶವಿದೆ. ಅರ್ಜಿ ಬರೆಯಲು ಬಾರದ ತಾಯಿಗೆ ಈ ಅವಕಾಶವಿರುವುದೇ ತಿಳಿಯುವುದಿಲ್ಲ. ಮರಾಠಿಯೂ ಬಾರದ ಕನ್ನಡದ ಕೂಲಿ ಹೆಂಗಸಿಗಂತೂ ಕಚೇರಿಯ ಮೆಟ್ಟಿಲೇ ಬೆಟ್ಟ. ಎರಡೂ ಭಾಷೆ ಬಲ್ಲ ನಮ್ಮವರೊಬ್ಬರು ಒಂದು ಮಧ್ಯಾಹ್ನ ಅವಳ ಜೊತೆ ಹೋಗಿ ಕಾಗದಪತ್ರ ಸರಿಪಡಿಸಿಕೊಟ್ಟರೆ, ಅದು ಎಷ್ಟು ತಿಂಗಳ ದಾನಕ್ಕೆ ಸಮ!

ಕೊನೆಯದಾಗಿ, ನಾವು ಬಹಳ ಕಡಿಮೆ ಯೋಚಿಸುವ ಒಂದು ಅಂಶ: ನಿಲ್ಲಿಸುವುದು. ವಿದೇಶಿ ದೇಣಿಗೆಯ ಕಾನೂನಿನಡಿ ನಮ್ಮ ಸರಕಾರ ಕೈಗೊಂಡ ಕ್ರಮದಿಂದ ಕಂಪ್ಯಾಶನ್ ಸಂಸ್ಥೆ 2017ರ ಮಾರ್ಚ್‌ನಲ್ಲಿ ಭಾರತದಲ್ಲಿಯ ಕೆಲಸವನ್ನು ಮುಚ್ಚಿತು. ಹಣ ಮತಾಂತರಕ್ಕೆ ಬಳಕೆಯಾಗುತ್ತಿದೆ ಎಂಬುದು ಆರೋಪ, ಇಲ್ಲವೆಂಬುದು ಸಂಸ್ಥೆಯ ಉತ್ತರ. ಆಗ ಆ ನೆರವಿನಲ್ಲಿದ್ದ ಮಕ್ಕಳ ಸಂಖ್ಯೆ ಒಂದೂವರೆ ಲಕ್ಷಕ್ಕೆ ಸಮೀಪ. ಯಾರ ವಾದ ಸರಿಯೋ ಅದು ಬೇರೆ ವಿಷಯ. ವಾದದಲ್ಲಿ ಪಾಲೇ ಇಲ್ಲದ ಮಕ್ಕಳಿಗೆ ಒಂದು ದಿನ ‘ನಾಳೆಯಿಂದ ಬರಬೇಡಿ’ ಎಂಬ ಮಾತು ಬಂತು. ಸರಕಾರದ ಆಜ್ಞೆಯೇ ಬೇಕೆಂದಿಲ್ಲ. ದೂರದ ದಾನಿಯ ಕೆಲಸ ಹೋದರೂ, ಮನಸ್ಸು ಬದಲಾದರೂ ಮಗುವಿನ ಪಾಲಿಗೆ ಫಲ ಒಂದೇ. ಐದನೆಯ ತರಗತಿಯಲ್ಲಿ ಏಣಿ ಹತ್ತಿಸಿ ಎಂಟನೆಯ ತರಗತಿಯಲ್ಲಿ ಏಣಿ ಕಿತ್ತುಕೊಂಡರೆ, ಹತ್ತಿಸದೆ ಇದ್ದದ್ದಕ್ಕಿಂತ ಅದು ಒಳ್ಳೆಯದೆಂದು ಹೇಳುವುದು ಸುಲಭವಲ್ಲ.

ಆದುದರಿಂದ ಮಗುವೊಂದನ್ನು ವಹಿಸಿಕೊಳ್ಳುವುದನ್ನು ದಾನವೆಂದು ತಿಳಿಯುವುದೇ ತಪ್ಪು. ದಾನವನ್ನು ಇಷ್ಟ ಬಂದಾಗ ಕೊಡಬಹುದು, ಇಷ್ಟ ಬಂದಾಗ ನಿಲ್ಲಿಸಬಹುದು. ಇದು ಭಾಷೆ, ಕೊಟ್ಟ ಮಾತು. ಅದೂ ನ್ಯಾಯಾಲಯಕ್ಕೆ ಹೋಗಿ ನಮ್ಮನ್ನು ಕೇಳಲಾರದವರಿಗೆ ಕೊಟ್ಟ ಮಾತು. ಬಾಸ್ಟನ್ನಿನ ಮಂಡಳಿ ‘ಹತ್ತು ವರ್ಷ’ ಎಂದು ಅವಧಿ ಹೇಳಿ, ಅಷ್ಟೆಲ್ಲ ಗದ್ದಲ ನಡೆದರೂ ಅವಧಿ ತುಂಬುವವರೆಗೆ ನಡೆಸಿತು. 1898ರಲ್ಲಿ ರಮಾಬಾಯಿ ಮತ್ತೆ ಹೋದಾಗ ಹೊಸ ಮಂಡಳಿಯಾಗಿ ಮುಂದುವರಿಯಿತು. ಅವರ ಉಳಿದ ಗುಣದೋಷಗಳೇನಿದ್ದರೂ ಈ ಒಂದು ಗುಣವನ್ನು ನಾವು ಕಲಿಯಬೇಕು.

ಹಾಗಾದರೆ ಕೊಡಬೇಕೇ, ಬೇಡವೇ? ಕೊಡಬೇಕು ಎಂದೇ ನಮ್ಮ ಉತ್ತರ. ಸಂಸ್ಥೆ ಚರ್ಚಿನದಾಗಲಿ, ಮಠದ್ದಾಗಲಿ, ಯಾವ ಮತಕ್ಕೂ ಸೇರದ ಟ್ರಸ್ಟಿನದಾಗಲಿ, ಕೊಡುವ ಮೊದಲು ಕೆಲವು ಮಾತು ಕೇಳಿಕೊಳ್ಳಬೇಕು. ಈ ಮಗುವಿಗೆ ತಾಯಿಯಿದ್ದಾಳೆಯೇ, ಇದ್ದರೆ ಮನೆಯಲ್ಲಿಯೇ ಸಾಕಲು ಸಾಧ್ಯವೇ? ಸಂಸ್ಥೆ ಕಾಯಿದೆಯಂತೆ ನೋಂದಣಿಯಾಗಿ ಲೆಕ್ಕ ತೋರಿಸುತ್ತದೆಯೇ? ಪ್ರಾರ್ಥನೆಗೆ ಬಾರದ ಮಗುವಿಗೂ ಅದೇ ಊಟ, ಅದೇ ಅಕ್ಕರೆ ಸಿಗುತ್ತದೆಯೇ? ಮಗು ಪತ್ರ ಬರೆಯದಿದ್ದರೂ ನಾವು ಕೊಡುತ್ತೇವೆಯೇ? ಎಷ್ಟು ವರ್ಷ ಎಂದು ನಮ್ಮ ಮನಸ್ಸಿನಲ್ಲಿ ಸ್ಪಷ್ಟವಿದೆಯೇ, ಅಷ್ಟಕ್ಕೆ ಬೇಕಾದ ಹಣವನ್ನು ತೆಗೆದಿಟ್ಟಿದ್ದೇವೆಯೇ? ಮೊದಲ ಮೂರು ಪ್ರಶ್ನೆಗಳು ಸಂಸ್ಥೆಗೆ, ಕೊನೆಯ ಎರಡು ನಮಗೆ. ಸಂಸ್ಥೆಯನ್ನು ಪರೀಕ್ಷಿಸುವಾಗ ನಾವು ತೋರುವ ಕಟ್ಟುನಿಟ್ಟು ನಮ್ಮನ್ನು ಪರೀಕ್ಷಿಸಿಕೊಳ್ಳುವಾಗಲೂ ಇರಲಿ.

ರಮಾಬಾಯಿ 1922ರ ಏಪ್ರಿಲ್ 5ರಂದು ಕೇಡಗಾಂವದಲ್ಲಿಯೇ ತೀರಿಕೊಂಡರು. ಮಗಳು ಮನೋರಮಾ ಅದಕ್ಕೂ ಹಿಂದಿನ ವರ್ಷ ತೀರಿಕೊಂಡಿದ್ದಳು. ಕರ್ವೆಯವರು ನೂರು ವರ್ಷ ದಾಟಿ ಬಾಳಿ, ಭಾರತರತ್ನರಾಗಿ, 1962ರಲ್ಲಿ ಕಾಲವಾದರು. ಒಬ್ಬರು ಕ್ರೈಸ್ತರು, ಒಬ್ಬರು ಹಿಂದೂ. ಒಬ್ಬರಿಗೆ ಸಮುದ್ರದಾಚೆಯ ಹಣ, ಇನ್ನೊಬ್ಬರಿಗೆ ಊರವರ ಪುಡಿಗಾಸು. ಕೇಡಗಾಂವಕ್ಕೂ ಹಿಂಗಣೆಗೂ ಪುಣೆಯಿಂದ ಈಗಲೂ ಒಂದೇ ದಿನದಲ್ಲಿ ಹೋಗಿಬರಬಹುದು. ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಎರಡನ್ನೂ ನೋಡಿಬರುವುದು ಒಳ್ಳೆಯದು. ಹಿಂದಿರುಗುವಾಗ ದಾರಿಯಲ್ಲಿ ಕಟ್ಟುತ್ತಿರುವ ಕಟ್ಟಡವೊಂದರ ಬಳಿ ನಿಂತು, ಮರಳಿನ ಮೇಲೆ ಆಡುವ ಮಗುವನ್ನು ‘ನಿನ್ನ ಹೆಸರೇನಪ್ಪಾ?’ ಎಂದು ಕನ್ನಡದಲ್ಲಿ ಕೇಳಿ ನೋಡಿ. ಎಷ್ಟೋ ಸಲ ಉತ್ತರ ಕನ್ನಡದಲ್ಲಿಯೇ ಬರುತ್ತದೆ.